ಹಿಂಚಕ್ರದ ಗಾಳಿ ನೋಡಿಕೊಳ್ಳುವ ಕ್ರಮ



ಕೆಚ್ಚಲು ಬಾವು, ಕಾಲುಬಾಯಿ ಜ್ವರಗಳ ಬಗ್ಗೆ ಬರೆಯುವ ಪಶುವೈದ್ಯರು ಬೈಕಿನ ಟೈರಿನ ಬಗ್ಗೆ ಏಕೆ ಬರೆಯುತ್ತಿದ್ದಾರೆಂದು ನೀವು ಕೇಳಬಹುದು. ಕಾರಣವಿದೆ. ಒಂದು ಮಳೆಗಾಲದ ರಾತ್ರಿ, ಕರು ಅಡ್ಡವಾಗಿದ್ದ ಹಸುವನ್ನು ನೋಡಲು ಹೊರಟಿದ್ದೆ. ದಾರಿಯಲ್ಲಿ ಹಿಂಚಕ್ರದ ಗಾಳಿ ಪೂರ್ತಿ ಇಳಿಯಿತು. ಬೈಕನ್ನು ಅಲ್ಲೇ ಬಿಟ್ಟು ನಡೆದು ತಲುಪುವ ಹೊತ್ತಿಗೆ ತಡವಾಗಿತ್ತು. ಹಸು ಉಳಿಯಿತು, ಕರು ಉಳಿಯಲಿಲ್ಲ. ಬೆಳಿಗ್ಗೆ ಟೈರು ಬಿಚ್ಚಿಸಿದರೆ ಮೊಳೆ ಚುಚ್ಚಿರಲಿಲ್ಲ. ಟ್ಯೂಬು ವಾಲ್ವಿನ ಬುಡದಲ್ಲೇ ಹರಿದಿತ್ತು. ತಪ್ಪು ನನ್ನದೇ. ವಾಲ್ವು ಕಡ್ಡಿಗಳ ನಡುವೆ ಕೈಗೆ ಸಿಗದಂತಿದೆಯೆಂದು ಬೇಸರಪಟ್ಟು ತಿಂಗಳಿಂದ ಗಾಳಿ ನೋಡಿರಲಿಲ್ಲ.

ಗಾಳಿ ಕಡಿಮೆಯಾದ ಟೈರು ರಿಮ್ಮನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಗಾಡಿ ಎಳೆದಾಗ, ಬ್ರೇಕು ಒತ್ತಿದಾಗ ಅದು ಸ್ವಲ್ಪ ಸ್ವಲ್ಪವೇ ಜರುಗಿ ಟ್ಯೂಬನ್ನೂ ಎಳೆಯುತ್ತದೆ. ವಾಲ್ವು ರಿಮ್ಮಿನ ತೂತಿನಲ್ಲಿ ಸಿಕ್ಕಿ, ಓರೆಯಾಗಿ, ಕೊನೆಗೆ ಹರಿಯುತ್ತದೆ. ಟ್ಯೂಬಿರುವ ಚಕ್ರದಲ್ಲಿ ವಾಲ್ವು ಒಂದು ಕಡೆಗೆ ವಾಲಿದ್ದು ಕಂಡರೆ ಬರೀ ಗಾಳಿ ತುಂಬಿಸಿ ಸುಮ್ಮನಾಗಬೇಡಿ. ಪಂಚರ್ ಅಂಗಡಿಯಲ್ಲಿ ಟೈರು ಸಡಿಲಿಸಿ ಅದನ್ನು ನೆಟ್ಟಗೆ ಕೂರಿಸಿಕೊಳ್ಳಿ.

ಇನ್ನು ಹೊರೆಯ ಮಾತು. ಹಾಲು ನೀರಿಗಿಂತ ಭಾರ. 40 ಲೀಟರಿನ ಎರಡು ಕ್ಯಾನು ತುಂಬಿದರೆ ಹಾಲೇ ಸುಮಾರು 82 ಕಿಲೋ, ಕ್ಯಾನಿನ ತೂಕ ಬೇರೆ. ಹಿಂದೆ ಒಬ್ಬ ದೊಡ್ಡ ಆಳು ಕೂತಷ್ಟಾಯಿತು. ಆದ್ದರಿಂದ ಚೈನ್ ಕವರಿನ ಚೀಟಿಯಲ್ಲೋ ಗಾಡಿಯ ಪುಸ್ತಕದಲ್ಲೋ ಇಬ್ಬರು ಸವಾರರಿಗೆ ಕೊಟ್ಟ ಅಂಕಿಯನ್ನೇ ಹಿಂಚಕ್ರಕ್ಕೆ ಅನುಸರಿಸಬೇಕು. ಗೇಜಿನಲ್ಲಿ ಕಿಲೋ ಲೆಕ್ಕವಿದ್ದರೆ, 2 ಕಿಲೋ ಎಂದರೆ ಸುಮಾರು 28 ಪೌಂಡು. ಗಾಳಿ ಹೆಚ್ಚು ಹಾಕಿಸಿದರೆ ಮೂರನೇ ಕ್ಯಾನು ಹೇರಬಹುದೆಂದು ಕೆಲವರು ತಿಳಿದಿದ್ದಾರೆ. ಗಾಡಿ ಹೊರುವ ಶಕ್ತಿ ಗಾಳಿಯಿಂದ ಹೆಚ್ಚುವುದಿಲ್ಲ.

ಬೆಳಿಗ್ಗೆ ಹೊರಡುವ ಮುನ್ನ, ಕ್ಯಾನು ಕಟ್ಟುವ ಮುಂಚೆಯೇ ನೋಡಿ. ಓಡಿ ಬಂದ ಟೈರು ಬಿಸಿಯಾಗಿ ಅಂಕಿ ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ಗಾಳಿ ಬಿಡಬಾರದು. ಸೈಲೆನ್ಸರೂ ಆಗ ಕೈ ಸುಡುತ್ತದೆ. ಎಂಜಿನ್ ಆರಿಸಿ, ನ್ಯೂಟ್ರಲ್ ಮಾಡಿ, ಮಧ್ಯದ ಸ್ಟ್ಯಾಂಡು ಹಾಕಿ, ಟೈರನ್ನೇ ಹಿಡಿದು ಚಕ್ರ ತಿರುಗಿಸಿ. ಚೈನಿನ ಬಳಿ ಬೆರಳಿಡಬೇಡಿ. ವಾಲ್ವು ಚಕ್ರದ ಹಿಂಭಾಗಕ್ಕೆ, ಸೈಲೆನ್ಸರು ಮತ್ತು ಕ್ಯಾನಿನ ಕಂಬಿ ಅಡ್ಡ ಬರದ ಜಾಗಕ್ಕೆ ಬಂದಾಗ ನಿಲ್ಲಿಸಿ. ಸ್ಟ್ಯಾಂಡು ಇಲ್ಲದಿದ್ದರೆ ಗಾಡಿಯನ್ನೇ ಒಂದೆರಡು ಅಡಿ ತಳ್ಳಿದರಾಯಿತು.

ಉದ್ದ ಮೂತಿಯ ಗೇಜು ಕಡ್ಡಿಗಳ ನಡುವೆ ಓರೆಯಾಗಿ ಕೂರುತ್ತದೆ. ಆಗ ಗಾಳಿ ಸೋರಿ ಅಂಕಿ ಕಡಿಮೆ ಕಾಣುತ್ತದೆ. ಬಾಗುವ ರಬ್ಬರ್ ಕೊಳವೆಯ ಗೇಜು ಅನುಕೂಲ. ಅದೂ ಹೋಗದಿದ್ದರೆ ವಾಲ್ವಿಗೆ ತಿರುಗಿಸಿ ಕೂರಿಸುವ, ಮೊಣಕೈಯಂತೆ ಬಾಗಿದ ತುಂಡು ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಕೆಲಸ ಮುಗಿದ ಕೂಡಲೇ ಅದನ್ನು ಬಿಚ್ಚಿಬಿಡಿ. ಅಲ್ಲೇ ಬಿಟ್ಟರೆ ಚಕ್ರ ತಿರುಗುವ ಸೆಳೆತಕ್ಕೆ ವಾಲ್ವಿನ ಬುಡ ಸವೆಯುತ್ತದೆ. ಕೊನೆಗೆ ವಾಲ್ವಿನ ಬಾಯಿಗೆ ಒಂದು ಹನಿ ಸೋಪಿನ ನೀರು ಬಿಟ್ಟು, ಗುಳ್ಳೆ ಏಳದಿದ್ದರೆ ಒರೆಸಿ ಮುಚ್ಚಳ ಹಾಕಿ.