ಬಸುರಿಯ ತಾಟಿನಲ್ಲಿ ಬೇಳೆಯೂ ಇರಲಿ, ಕೋಸೂ ಇರಲಿ

ಪ್ರಶ್ನೆ: ನಮ್ಮ ಮನಿ ಹುಬ್ಬಳ್ಳಿ ವಿದ್ಯಾನಗರದಾಗ. ಮಗ, ಸೊಸಿ ನಾಕು ವರ್ಷ ಇಂಗ್ಲೆಂಡಿನಾಗ ಇದ್ದು, ಹೋದ ವರ್ಷ ಊರಿಗೆ ಬಂದಾರ. ಸೊಸಿಗೆ ಈಗ ಐದು ತಿಂಗಳ. ರಕ್ತ ಪರೀಕ್ಷಾ ಮಾಡಿಸಿದ್ರ ಹಿಮೋಗ್ಲೋಬಿನ್ 9.6 ಬಂದೈತಿ. ನಮ್ಮ ಮನ್ಯಾಗ ತತ್ತಿನೂ ತಿನ್ನೂದಿಲ್ಲ. ಬ್ಯಾಳಿ ತಿಂದ್ರ ಹೊಟ್ಟಿ ಉಬ್ಬತೈತಿ ಅಂತ ಆಕಿ ಬ್ಯಾಳೀನೂ ಬಿಟ್ಟಾಳ. ಅದರ ಬದಲಿ ಬ್ರಸೆಲ್ಸ್ ಸ್ಪ್ರೌಟ್ಸ್ ಅನ್ನೂ ಸಣ್ಣ ಸಣ್ಣ ಕ್ಯಾಬೀಜ್ ತರಿಸಿ ದಿನಾ ಹುರಕೊಂಡು ತಿಂತಾಳ. ಬ್ಯಾಳಿಕಿಂತ ಇದರಾಗ ಸತ್ವ ಹೆಚ್ಚು ಅಂತಾಳ. ನಾ ದಿನಾ ಮಾಡೋ ಬ್ಯಾಳಿ ಸಾರು ಹಂಗ ಉಳೀತೈತಿ. ಹೇಳಾಕ ಹೋದ್ರ ಮನಸ್ತಾಪ. ಉಳಿದ ಆ ಕೋಸಿನ ಪಲ್ಯ ನಮ್ಮ ಮನಿಯವರು ತಿಂತಾರ. ಅವರು ಹೃದಯದ ಕವಾಟದ ಆಪರೇಶನ್ ಆದಾಗಿಂದ ರಕ್ತ ತೆಳು ಮಾಡೋ ಗುಳಿಗಿ ತಗೋತಾರ. ಬ್ಯಾಳಿ ಹೆಚ್ಚೋ, ಆ ಕೋಸು ಹೆಚ್ಚೋ? ನೀವ ಹೇಳ್ರಿ.
— ಒಬ್ಬ ಅತ್ತೆ, ಹುಬ್ಬಳ್ಳಿ

ಉತ್ತರ: ಅಕ್ಕನವರೇ, ನಿಮ್ಮ ಸೊಸೆ ತಿನ್ನುತ್ತಿರುವ ತರಕಾರಿ ಒಳ್ಳೆಯದೇ. ಆದರೆ ಅದು ಬೇಳೆಯ ಜಾಗ ತುಂಬುವುದಿಲ್ಲ. ಮೊಟ್ಟೆಯನ್ನೂ ತಿನ್ನದ ಬಸುರಿ ಹೆಣ್ಣುಮಗಳು ಬೇಳೆಕಾಳು ಬಿಟ್ಟರೆ, ಅದನ್ನು ಯಾವ ತರಕಾರಿಯಿಂದಲೂ ಸರಿದೂಗಿಸಲು ಆಗುವುದಿಲ್ಲ.

ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಒಂದಿದೆ. ಗರ್ಭಿಣಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. 9.6 ಬಂದ ಮೇಲೆ ಬರೀ ಊಟದಿಂದ ಅದನ್ನು ಏರಿಸುತ್ತೇವೆ ಎಂದು ಕೂಡುವಂತಿಲ್ಲ. ಕಬ್ಬಿಣದ ಗುಳಿಗೆ ತಪ್ಪದೆ ನಡೆಯುತ್ತಿದೆಯೇ ಎಂದು ಕೇಳಿ. ಸರ್ಕಾರದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಎಲ್ಲ ಗರ್ಭಿಣಿಯರಿಗೂ ಕೊಡುವ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಆಗಲೇ ರಕ್ತ ಕಡಿಮೆ ಇದ್ದವರಿಗೆ ಎಷ್ಟು ಬೇಕೆಂಬುದನ್ನು ಡಾಕ್ಟರೇ ಹೇಳಬೇಕು. ಬೇಳೆ, ಕೋಸು ಎರಡೂ ಈ ಗುಳಿಗೆಯ ಜೊತೆಗಾರರು, ಗುಳಿಗೆಗೆ ಬದಲಿಯಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬೇಯಿಸಿದ 100 ಗ್ರಾಂ ಮಸೂರದಲ್ಲಿ ಸುಮಾರು 9 ಗ್ರಾಂ ಪ್ರೋಟೀನ್, 8 ಗ್ರಾಂ ನಾರು, 3.3 ಮಿಲಿಗ್ರಾಂ ಕಬ್ಬಿಣ, 180 ಮೈಕ್ರೋಗ್ರಾಂ ಫೋಲೇಟ್ ಇರುತ್ತದೆ. ಬೇಯಿಸಿದ ಬ್ರಸೆಲ್ಸ್ ಸ್ಪ್ರೌಟ್ಸ್ ಅಷ್ಟೇ ತೂಕ ತಗೊಂಡರೆ ಪ್ರೋಟೀನ್ ಎರಡೂವರೆ ಗ್ರಾಂ, ನಾರು 2.6 ಗ್ರಾಂ, ಕಬ್ಬಿಣ 1.2 ಮಿಲಿಗ್ರಾಂ, ಫೋಲೇಟ್ 60 ಮೈಕ್ರೋಗ್ರಾಂ. ಒಂದು ಸಣ್ಣ ಬಟ್ಟಲು ಬೇಳೆಯ ಪ್ರೋಟೀನ್ ಸಿಗಬೇಕಾದರೆ ಆಕೆ ಹತ್ತಿರ ಹತ್ತಿರ 350 ಗ್ರಾಂ ಕೋಸು ತಿನ್ನಬೇಕಾಗುತ್ತದೆ. ಗರ್ಭಿಣಿಗೆ ದಿನಕ್ಕೆ 27 ಮಿಲಿಗ್ರಾಂ ಕಬ್ಬಿಣ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಹೇಳಿದೆ. ಆ ಲೆಕ್ಕದ ಮುಂದೆ 1.2 ಮಿಲಿಗ್ರಾಂ ಏನೇನೂ ಸಾಲದು.

ಹಾಗೆಂದು ಸೊಸೆಯ ಮಾತನ್ನು ತಳ್ಳಿಹಾಕಬೇಡಿ. ಆ ಕೋಸಿನ 100 ಗ್ರಾಮಿನಲ್ಲಿ ಬೇಯಿಸಿದ ಮೇಲೂ 60 ಮಿಲಿಗ್ರಾಂಗಿಂತ ಹೆಚ್ಚು ವಿಟಮಿನ್ ಸಿ ಉಳಿದಿರುತ್ತದೆ. ಬೇಳೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ಮನೆಯ ಜಗಳ ಮುಗಿಯಬೇಕಾದದ್ದು ಇಲ್ಲೇ. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣವನ್ನು ನಮ್ಮ ಕರುಳು ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ಅದೇ ತುತ್ತಿನ ಜೊತೆ ವಿಟಮಿನ್ ಸಿ ಸೇರಿದರೆ ಹೀರುವಿಕೆ ಚೆನ್ನಾಗಿ ಹೆಚ್ಚುತ್ತದೆ. ಬೇಳೆ ಮಧ್ಯಾಹ್ನ, ಕೋಸು ರಾತ್ರಿ ಎಂದಾದರೆ ಈ ಲಾಭ ಸಿಗುವುದಿಲ್ಲ. ಎರಡೂ ಒಂದೇ ಹೊತ್ತಿಗೆ, ಒಂದೇ ತಾಟಿಗೆ ಬರಬೇಕು.

ಮಸೂರ ಎಲ್ಲ ಮನೆಗಳಲ್ಲೂ ಒಲೆ ಏರುವುದಿಲ್ಲ ಎಂಬುದು ನನಗೆ ಗೊತ್ತು. ಅದಕ್ಕೆ ಚಿಂತೆ ಬೇಡ. ಬೇಯಿಸಿದ ಕಡಲೆಕಾಳಿನಲ್ಲೂ ಪ್ರೋಟೀನ್ ಹತ್ತಿರ ಹತ್ತಿರ 9 ಗ್ರಾಂ, ಕಬ್ಬಿಣ 2.9 ಮಿಲಿಗ್ರಾಂ, ಫೋಲೇಟ್ 170 ಮೈಕ್ರೋಗ್ರಾಂ ದಾಟುತ್ತದೆ. ಹೆಸರಿನಲ್ಲಿ ಕಬ್ಬಿಣ ಕಡಿಮೆ, ಆದರೆ ಹೊಟ್ಟೆಗೆ ಅದರಷ್ಟು ಹಗುರವಾದ ಕಾಳು ಸಿಗುವುದು ಕಷ್ಟ. ನವಲಗುಂದ, ಅಣ್ಣಿಗೇರಿಯ ಎರೆ ಹೊಲಗಳಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಬೆಳೆಯುವ ಜಿಲ್ಲೆ ನಮ್ಮದು. ಈ ಎರಡನ್ನು ಬಿಟ್ಟು ರಕ್ತಕ್ಕಾಗಿ ದೂರದ ತರಕಾರಿಯೊಂದನ್ನೇ ನೆಚ್ಚಿಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಇನ್ನು ಜೋಳದ ರೊಟ್ಟಿಯಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಕಾಳಿನಲ್ಲಿ ಅದು ಹೇರಳ. ರೊಟ್ಟಿಗೆ ಕಾಳುಪಲ್ಯ ಹಚ್ಚಿಕೊಂಡು ತಿನ್ನುವ ನಿಮ್ಮ ರೂಢಿಗೆ ಪೋಷಣೆಯ ಆಧಾರ ಗಟ್ಟಿಯಾಗಿದೆ.

ಒಂದು ಮಾತು ನಿಮಗೂ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ನೀವು ಬರೆದಿರುವುದು ಬೇಳೆ ಸಾರು ಎಂದು. ಮೇಲೆ ಕೊಟ್ಟ ಅಂಕಿಗಳು ಗಟ್ಟಿ ಬೇಳೆಗೆ ಸಂಬಂಧಿಸಿದ್ದು, ತಿಳಿಸಾರಿಗೆ ಅಲ್ಲ. ನಾಲ್ಕು ಜನರ ಸಾರಿಗೆ ಒಂದು ಹಿಡಿ ತೊಗರಿಬೇಳೆ ಹಾಕಿ, ಮೇಲಿನ ತಿಳಿ ಬಡಿಸಿದರೆ ಸೊಸೆಯ ಹೊಟ್ಟೆಗೆ ಹೋಗುವ ಬೇಳೆ ಎರಡು ಚಮಚ ಇರಬಹುದು. ಹೋಳಿಗೆಯ ದಿನದ ಕಟ್ಟಿನ ಸಾರು ಬಾಯಿಗೆ ಎಷ್ಟೇ ರುಚಿಯಾದರೂ ಬೇಳೆಯೆಲ್ಲ ಹೂರಣಕ್ಕೇ ಹೋಗಿರುತ್ತದೆ. ಬಸುರಿಗೆ ತಳದ ಗಟ್ಟಿ ಭಾಗವನ್ನು ಬಟ್ಟಲು ತುಂಬ ಕೊಡಿ, ದಿನಕ್ಕೆ ಎರಡು ಹೊತ್ತು.

ಹೊಟ್ಟೆ ಉಬ್ಬುತ್ತದೆ ಎಂಬ ಆಕೆಯ ದೂರು ನಿಜವೇ. ಕಾಳುಗಳಲ್ಲಿರುವ ಕೆಲವು ಬಗೆಯ ಸಕ್ಕರೆಗಳು ಸಣ್ಣ ಕರುಳಿನಲ್ಲಿ ಕರಗದೆ ದೊಡ್ಡ ಕರುಳಿಗೆ ಹೋಗಿ ವಾಯು ಎಬ್ಬಿಸುತ್ತವೆ. ಆದರೆ ಅದೇ ಬಗೆಯ ಸಕ್ಕರೆ ಕೋಸಿನ ಜಾತಿಯಲ್ಲೂ ಇದೆ. ಬ್ರಸೆಲ್ಸ್ ಸ್ಪ್ರೌಟ್ಸ್, ಎಲೆಕೋಸು, ಹೂಕೋಸು ಒಂದೇ ಸಸ್ಯಜಾತಿಯ ತಳಿಗಳು. ಬಸುರಿನಲ್ಲಿ ಹಾರ್ಮೋನಿನ ಬದಲಾವಣೆಯಿಂದ ಕರುಳು ನಿಧಾನವಾಗುವುದೂ ಉಂಟು. ಹಾಗಾಗಿ ತಪ್ಪೆಲ್ಲ ಬೇಳೆಯದಲ್ಲ. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿ. ಮೊದಲ ವಾರ ಹೆಸರುಬೇಳೆ ಮೂರು ಚಮಚದಿಂದ ಸುರು ಮಾಡಿ, ಒಗ್ಗಿದಂತೆ ಆ ಎರಡು ಬಟ್ಟಲಿನವರೆಗೆ ಹೆಚ್ಚಿಸುತ್ತ ಹೋಗಿ. ಕೋಸನ್ನು ಆರೇಳು ಉಂಡೆಗಳಿಗೆ ನಿಲ್ಲಿಸಲಿ. ಮೊಳಕೆ ಬರಿಸಿದ ಹೆಸರು, ಮಡಿಕೆ ಕಾಳೂ ಒಳ್ಳೆಯದು, ಆದರೆ ಈ ಹೊತ್ತಿನಲ್ಲಿ ಹಸಿಯಾಗಿ ಬೇಡ. ಮೊಳಕೆಯ ತೇವದಲ್ಲಿ ರೋಗಾಣು ಬೆಳೆಯುವ ಅಪಾಯವಿದೆ, ಚೆನ್ನಾಗಿ ಬೇಯಿಸಿಯೇ ಕೊಡಿ. ರೊಟ್ಟಿ ಜೊತೆ ಹಸಿ ಮೆಂತ್ಯ, ಹಕ್ಕರಕಿ ತಿನ್ನುವುದಾದರೆ ಎರಡು ಮೂರು ನೀರಿನಲ್ಲಿ ತೊಳೆಯಿರಿ.

ಅಡುಗೆ ಹೀಗೆ ಮಾಡಿ ನೋಡಿ. ಆಕೆ ತರಿಸಿದ ಕೋಸನ್ನು ಎರಡು ಹೋಳು ಮಾಡಿ, ಜೀರಿಗೆ, ಇಂಗು, ಬಳ್ಳೊಳ್ಳಿಯ ಒಗ್ಗರಣೆಗೆ ಹಾಕಿ ಐದಾರು ನಿಮಿಷ ಮುಚ್ಚಿಡಿ. ನೀರಲ್ಲಿ ಕುದಿಸಿ ಬಸಿದರೆ ವಿಟಮಿನ್ ಸಿ ಬಹಳಷ್ಟು ನೀರಿನ ಜೊತೆ ಹೋಗಿಬಿಡುತ್ತದೆ. ಆಮೇಲೆ ಬೆಂದ ಬೇಳೆಯನ್ನು ಅದಕ್ಕೇ ಸುರುವಿ, ಒಂದು ಕುದಿ ಬಂದ ಕೂಡಲೇ ಇಳಿಸಿ, ನಿಂಬೆಹಣ್ಣು ಹಿಂಡಿ. ಆ ಕೋಸು ಸಿಗದ ದಿನ, ಅಥವಾ ದುಡ್ಡು ಹೆಚ್ಚಾಯಿತು ಎನಿಸಿದ ದಿನ, ಊರಿನ ಎಲೆಕೋಸಿನಿಂದಲೇ ಇದನ್ನು ಮಾಡಬಹುದು. ಊಟದ ಜೊತೆ ಅರ್ಧ ಪೇರಲ ಹಣ್ಣು ಕೊಟ್ಟರೆ ವಿಟಮಿನ್ ಸಿ ಲೆಕ್ಕದಲ್ಲಿ ಯಾವ ಕೋಸೂ ಅದರ ಸಮಕ್ಕೆ ಬರುವುದಿಲ್ಲ.

ಊಟದ ಬೆನ್ನಿಗೇ ಚಹಾ ಮಾತ್ರ ಬೇಡ. ಚಹಾದ ಒಗರು ಕಬ್ಬಿಣವನ್ನು ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ಆಮೇಲೆ ಚಹಾ, ಕಾಫಿ ದೂರವಿರಲಿ. ಕಬ್ಬಿಣದ ಗುಳಿಗೆಯನ್ನೂ ಹಾಲಿನ ಜೊತೆ, ಕ್ಯಾಲ್ಸಿಯಂ ಗುಳಿಗೆಯ ಜೊತೆ ನುಂಗಬಾರದು. ಬೇರೆ ಹೊತ್ತಿನಲ್ಲಿ ಹಾಲು ಮೊಸರು ಬೇಕೇ ಬೇಕು. ರಕ್ತ ಉತ್ಪತ್ತಿಗೆ ಬೇಕಾದ ವಿಟಮಿನ್ ಬಿ12 ಬೇಳೆಯಲ್ಲೂ ಇಲ್ಲ, ಕೋಸಿನಲ್ಲೂ ಇಲ್ಲ. ನಿಮ್ಮಂಥ ಮನೆಯಲ್ಲಿ ಅದಕ್ಕೆ ಹಾಲು ಮೊಸರೇ ಮೂಲ. ಬಿ12 ಮಟ್ಟವನ್ನು ಒಮ್ಮೆ ನೋಡಿಸಬೇಕೇ ಎಂದು ಡಾಕ್ಟರನ್ನು ಕೇಳಿ.

ನಿಮ್ಮ ಯಜಮಾನರ ವಿಷಯ ಓದಿ ನನಗೆ ಸೊಸೆಗಿಂತ ಹೆಚ್ಚು ಆತಂಕವಾಯಿತು. ಬೇಯಿಸಿದ 100 ಗ್ರಾಂ ಬ್ರಸೆಲ್ಸ್ ಸ್ಪ್ರೌಟ್ಸಿನಲ್ಲಿ ಸುಮಾರು 140 ಮೈಕ್ರೋಗ್ರಾಂ ವಿಟಮಿನ್ ಕೆ ಇರುತ್ತದೆ, ಬೇಯಿಸಿದ ಮಸೂರದಲ್ಲಿ 2 ಕೂಡ ಇರುವುದಿಲ್ಲ. ಅವರ ಗುಳಿಗೆ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಆಗಿದ್ದರೆ, ಅದು ಕೆಲಸ ಮಾಡುವುದೇ ವಿಟಮಿನ್ ಕೆಯನ್ನು ತಡೆದು. ಒಂದು ದಿನ ಬಟ್ಟಲುಗಟ್ಟಲೆ ತಿಂದು ಇನ್ನೊಂದು ದಿನ ಬಿಟ್ಟರೆ ಗುಳಿಗೆಯ ಹದ ತಪ್ಪುತ್ತದೆ, ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವ ಭಯವಿದೆ. ಮೆಂತ್ಯ, ರಾಜಗಿರಿಗೂ ಇದೇ ಮಾತು. ಸೊಪ್ಪು ಪೂರ್ತಿ ಬಿಡಬೇಕಿಲ್ಲ, ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರಬೇಕು. ಉಳಿದದ್ದನ್ನು ಮುಗಿಸುವ ಕೆಲಸಕ್ಕೆ ಅವರನ್ನು ಕೂಡಿಸಬೇಡಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆಯನ್ನು ಈ ವಾರವೇ ಮಾಡಿಸಿ, ಈಚೆಗೆ ತಿಂದದ್ದನ್ನು ಹೃದಯದ ಡಾಕ್ಟರಿಗೆ ಬಿಡಿಸಿ ಹೇಳಿ. ಗುಳಿಗೆಯನ್ನು ನೀವಾಗಿ ನಿಲ್ಲಿಸಲೂ ಬೇಡಿ, ಹೆಚ್ಚುಕಡಿಮೆ ಮಾಡಲೂ ಬೇಡಿ.

ಸೊಸೆಯ ಜೊತೆ ಮಾತಾಡುವಾಗ, ‘ನಿನ್ನ ಕೋಸು ಬ್ಯಾಡ, ನನ್ನ ಬ್ಯಾಳಿ ತಿನ್ನು’ ಎಂದು ಸುರು ಮಾಡಬೇಡಿ. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಊಟಕ್ಕೆ ತಪ್ಪದೆ ಮಾಡುವ ತರಕಾರಿ ಅದು. ಪರದೇಶದಲ್ಲಿ ನಾಲ್ಕು ವರ್ಷ ತಾನೇ ಕಲಿತು ಮಾಡಿಕೊಂಡ ಊಟ ಬಸುರಿನ ಹೊತ್ತಿನಲ್ಲಿ ಬಾಯಿಗೆ ಸೇರುತ್ತಿದ್ದರೆ ಅದು ಸಣ್ಣ ವಿಷಯವಲ್ಲ. ಆಕೆ ಕೋಸು ಹುರಿಯುವಾಗ ನೀವು ಪಕ್ಕದಲ್ಲಿ ನಿಂತು ಬೇಳೆ ಬೇಯಿಸಿ. ಈ ಉತ್ತರವನ್ನು ಆಕೆಯೂ ಓದಲಿ, ಅಂಕಿಗಳು ಆಕೆಗೂ ಬೇಕಾದವೇ. ನಾಲ್ಕು ವಾರ ಬಿಟ್ಟು ಇಬ್ಬರೂ ಕೂಡಿ ಹೋಗಿ ಹಿಮೋಗ್ಲೋಬಿನ್ ಮತ್ತೆ ನೋಡಿಸಿ. ಏರದೇ ಇದ್ದರೆ ಬೇರೆ ಕಾರಣ ಹುಡುಕುವಂತೆ ಡಾಕ್ಟರನ್ನು ಕೇಳಿ. ಫಲಿತಾಂಶ ಏನೇ ಬರಲಿ, ನನಗೊಂದು ಸಾಲು ಬರೆದು ತಿಳಿಸಿ.