ಟಿಪ್ಪುವಿನ ಕಾಲದಿಂದ ಶುರು ಮಾಡಬೇಡಿ
ಚನ್ನಪಟ್ಟಣದ ಗೊಂಬೆ ಸಗಟಾಗಿ ಕೊಳ್ಳುವ ಅಂಗಡಿಯವರಿಗೆ ನೀವು ಬರೆದ 600 ಪದ ಓದಿದೆ. ಟಿಪ್ಪು ಸುಲ್ತಾನನಿಂದ ಶುರು ಮಾಡಿದ್ದೀರಿ! ಅಂಗಡಿಯವರು ಗಲ್ಲಾದ ಮುಂದೆ ಕೂತು, ಗಿರಾಕಿಗಳ ನಡುವೆ ಮೊಬೈಲಿನಲ್ಲಿ ಓದುವವರು, ಅಷ್ಟು ಪುರುಸೊತ್ತೆಲ್ಲಿ?

ಅಂಗಡಿಗೆ ಬಂದ ತಾಯಿ ಕೇಳುವುದು ಒಂದೇ: ಮಗು ಬಾಯಿಗಿಟ್ಟರೆ ಬಣ್ಣ ಬಿಡುತ್ತದೆಯೇ? ಅಲ್ಲಿಂದ ಆರಂಭಿಸಿ. ಲೇತಿನಲ್ಲಿ ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತೀರಿ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಇದನ್ನು ನಾಲ್ಕು ಸಾಲಲ್ಲಿ ಹೇಳಿ. ಪರೀಕ್ಷಾ ವರದಿ ಇದ್ದರೆ ಜೊತೆಗಿಡಿ.

'ಗುಣಮಟ್ಟವೇ ನಮ್ಮ ಧ್ಯೇಯ' ತೆಗೆದುಬಿಡಿ; ಸೀಮೆಸುಣ್ಣ ಮಾರುವವರೂ ಅದನ್ನೇ ಬರೆಯುತ್ತಾರೆ.

ಕೊನೆಗೆ, ಕನಿಷ್ಠ ಎಷ್ಟು ಡಜನ್ ಕೊಳ್ಳಬೇಕು, ಎಷ್ಟು ದಿನದಲ್ಲಿ ತಲುಪಿಸುತ್ತೀರಿ? ನಿಮ್ಮ ಬರಹದಲ್ಲಿ ಅದೇ ಇರಲಿಲ್ಲ.