ಲೋಕಾಯುಕ್ತಕ್ಕೆ ಬರೆಯುವ ಮುನ್ನ

ಪೌತಿ ಖಾತೆಗಾಗಿ ತಾಲ್ಲೂಕು ಕಚೇರಿಗೆ ಅಲೆದು ಸಾಕಾಗಿ, ‘ಲೋಕಾಯುಕ್ತಕ್ಕೇ ಬರೀತೀನಿ ದೊಡ್ಡಪ್ಪ’ ಅಂದೆಯಲ್ಲಮ್ಮ, ಬರಿ. ಬೇಡ ಅನ್ನುವವನು ನಾನಲ್ಲ. ಆದರೆ ಸಿಟ್ಟಿನಲ್ಲಿ ಬರೆದ ಅರ್ಜಿ ಅಲ್ಲಿ ನಿಲ್ಲುವುದಿಲ್ಲ.

ನಿನ್ನದು ಕುಂದುಕೊರತೆಯೋ, ಆಪಾದನೆಯೋ? ಅದನ್ನು ಮೊದಲು ತೀರ್ಮಾನಿಸಿಕೋ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆ ಇವೆರಡನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಕಡತವನ್ನು ಸುಮ್ಮನೆ ಕೂರಿಸಿಕೊಂಡು ನಿನಗೆ ತೊಂದರೆ ಕೊಟ್ಟರೆ ಅದು ಕುಂದುಕೊರತೆ. ವಿಷಯ ಗೊತ್ತಾದ ಆರು ತಿಂಗಳೊಳಗೆ ದೂರಬೇಕು. ಕುರ್ಚಿಯನ್ನು ಸ್ವಂತ ಲಾಭಕ್ಕೆ ಬಳಸಿದ್ದರೆ ಆಪಾದನೆ. ಅದಕ್ಕೆ ಐದು ವರ್ಷದ ಗಡುವು. ಎರಡಕ್ಕೂ ನಿಗದಿತ ಫಾರಂ, ಜೊತೆಗೆ ಅಫಿಡವಿಟ್ಟು ಬೇಕು. ‘ಎಲ್ಲರೂ ಕಳ್ಳರು’ ಎಂದು ಬರೆಯಬೇಡ. ಯಾವ ತಾರೀಖಿಗೆ ಅರ್ಜಿ ಕೊಟ್ಟೆ, ಸ್ವೀಕೃತಿ ಎಲ್ಲಿದೆ, ಯಾರ ಮೇಜಿನ ಮೇಲೆ ನಿಂತಿದೆ, ಇಷ್ಟು ಬರಿ. ಬೇಕೆಂದೇ ಸುಳ್ಳು ದೂರು ಕೊಟ್ಟವರಿಗೆ ಜೈಲು ಶಿಕ್ಷೆಯೂ ಆ ಕಾಯ್ದೆಯಲ್ಲೇ ಇದೆ. ಬರೀ ತಡವಾಗಿದ್ದರೆ ‘ಸಕಾಲ’ ಯೋಜನೆಯ ಮೇಲ್ಮನವಿ ಹಾಕಿ ನೋಡು, ಅದೇ ಹತ್ತಿರದ ದಾರಿ.

ಯಾರಾದರೂ ದುಡ್ಡು ಕೇಳಿದರೆ ಮಾತ್ರ ಫಾರಂ ತುಂಬುತ್ತ ಕೂರಬೇಡ. ಕೊಡುವ ಮೊದಲೇ ಜಿಲ್ಲೆಯ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗು. ಪುಡಿ ಹಚ್ಚಿದ ನೋಟು, ಪಂಚರ ಸಮಕ್ಷಮ ಮಹಜರು, ಎಲ್ಲ ಅವರ ಕೆಲಸ. ‘ಕೊಟ್ಟು ಕೆಲಸ ಮುಗಿಸಿಕೊಂಡು ಆಮೇಲೆ ನೋಡೋಣ’ ಎಂಬ ಜಾಣತನ ಈಗ ನಡೆಯದು. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ಪ್ರಕಾರ ಲಂಚ ಕೊಟ್ಟವರೂ ತಪ್ಪಿತಸ್ಥರೇ. ಬಲವಂತಕ್ಕೆ ಕೊಟ್ಟಿದ್ದರೂ ಏಳು ದಿನದೊಳಗೆ ತಿಳಿಸಿದರಷ್ಟೇ ರಕ್ಷಣೆ.

ಇನ್ನು, ಅತಿಯಾದ ಆಸೆಯನ್ನೂ ಇಟ್ಟುಕೊಳ್ಳಬೇಡ. ಲೋಕಾಯುಕ್ತರು ಕಡತ ತರಿಸಬಹುದು, ಅಧಿಕಾರಿಯನ್ನು ಕರೆಸಿ ಕೇಳಬಹುದು. ವಿಚಾರಣೆ ಮುಗಿದ ಮೇಲೆ ಅವರು ಕೊಡುವುದು ವರದಿ, ಶಿಫಾರಸು. ಕ್ರಮ ಕೈಗೊಳ್ಳಬೇಕಾದದ್ದು ಸರ್ಕಾರವೇ. ಹಾಗಾದರೆ ಆ ಕಾಗದಕ್ಕೇನು ಬೆಲೆ ಅನ್ನಬೇಡ. ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಕೊಟ್ಟ ಅಕ್ರಮ ಗಣಿಗಾರಿಕೆ ವರದಿಯೂ ಕಾಗದವೇ. ಆ ತಿಂಗಳು ಮುಗಿಯುವಷ್ಟರಲ್ಲಿ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟಿದ್ದರು.

ಆ ಸಂಸ್ಥೆಯ ಹಾದಿಯೂ ಸಲೀಸಾಗಿರಲಿಲ್ಲ. ಲೋಕಾಯುಕ್ತರಿಗೆ ಐದು ವರ್ಷದ ಅವಧಿ. ಅವರನ್ನು ಮಧ್ಯದಲ್ಲಿ ತೆಗೆಯಬೇಕಾದರೆ ಶಾಸಕಾಂಗದ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಇಷ್ಟು ಬಿಗಿ ಕಾಯ್ದೆಯಿದ್ದೂ ಸಂಸ್ಥೆ ಎಡವಿತು. 2015ರಲ್ಲಿ ವಸೂಲಿಯ ಆರೋಪ ಆ ಕಚೇರಿಯ ಮೇಲೆಯೇ ಬಂದು, ಆಗಿನ ಲೋಕಾಯುಕ್ತರೇ ಹುದ್ದೆ ಬಿಡಬೇಕಾಯಿತು. ಅದೇ ನೆಪವಾಯಿತೋ ಏನೋ, 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ಕಟ್ಟಿ ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಅತ್ತ ಸಾಗಿಸಿತು. ಆ ದಳ ಸರ್ಕಾರದ ಕೈಕೆಳಗೇ ಇತ್ತು! ತನ್ನನ್ನು ಕೇಳುವವರನ್ನು ತಾನೇ ಇಟ್ಟುಕೊಂಡಂತೆ. 2022ರ ಆಗಸ್ಟ್‌ನಲ್ಲಿ ಹೈಕೋರ್ಟು ದಳವನ್ನು ರದ್ದುಮಾಡಿದ ಮೇಲೆಯೇ ಆ ಅಧಿಕಾರ ಮರಳಿದ್ದು. ಅಲ್ಲಿಗೂ ಕೋರ್ಟಿಗೆ ಹೋದವರಿದ್ದರು ಅನ್ನು, ಸುಮ್ಮನಿದ್ದಿದ್ದರೆ ಅದೂ ಬರುತ್ತಿರಲಿಲ್ಲ.

ನಿನ್ನ ಆರು ತಿಂಗಳು ಓಡುತ್ತಿದೆ. ಸ್ವೀಕೃತಿಗಳ ಜೆರಾಕ್ಸ್ ಮಾಡಿಸಿಟ್ಟುಕೊಂಡು ಈ ವಾರವೇ ಬಾ, ಕೂತು ಬರೆಯೋಣ.